ಪುಂಡರ ಪಟ್ಟಿ ಬರೆಯೋರು ಯಾರು?



ಊರಲ್ಲಿ ಒಂದು ಸರಗಳ್ಳತನ ಆಗಲಿ, ಬಸ್ ಸ್ಟ್ಯಾಂಡಿನಲ್ಲಿ ನಾಲ್ಕು ಜನ ಹೊಡೆದಾಡಲಿ, ಮಾರನೇ ದಿನ ಠಾಣೆಯಲ್ಲಿ ಸಭೆ ಸೇರುತ್ತದೆ. ಅಂಗಡಿ ಸಾಹುಕಾರರು, ಕಂಟ್ರಾಕ್ಟರುಗಳು, ನಿವೃತ್ತ ಅಧಿಕಾರಿಗಳು ಮುಂದಿನ ಕುರ್ಚಿಗಳಲ್ಲಿ. "ಸಂಜೆ ಮೇಲೆ ಓಡಾಡೋ ಹಾಗಿಲ್ಲ ಸಾರ್, ಪುಂಡರ ಹಾವಳಿ ಜಾಸ್ತಿ ಆಗಿದೆ" ಅಂತಾರೆ. ಎಲ್ಲಿಯ ಪುಂಡರು ಅಂದರೆ ಬೆರಳು ತಿರುಗೋದು ಎರಡೇ ಕಡೆಗೆ. ಒಂದು ನಮ್ಮ ಕೇರಿ, ಇನ್ನೊಂದು ನಮ್ಮ ಹಾಸ್ಟೆಲು. ಅವತ್ತು ರಾತ್ರಿ ಜೀಪು ಬರುತ್ತೆ. ಟೀ ಅಂಗಡಿ ಮುಂದೆ ನಿಂತ ಹುಡುಗ ಸಂಶಯಾಸ್ಪದ ವ್ಯಕ್ತಿ. ಅದೇ ಹೊತ್ತಿಗೆ ಕ್ಲಬ್ಬಿನಲ್ಲಿ ಕುಡಿದು ಇಸ್ಪೀಟು ಎಸೆಯುತ್ತಾ ಕೂತವರು ಊರಿನ ಗಣ್ಯರು!

ಅವರ ಭಯ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಕತ್ತಿನ ಸರ ಕಳೆದುಕೊಂಡ ಹೆಂಗಸಿನ ನಡುಕ ನಿಜ. ಹಫ್ತಾ ಕೊಟ್ಟು ಸುಸ್ತಾದ ಅಂಗಡಿಯವನ ಸಂಕಟ ನಿಜ. ನಾನು ಕೇಳೋದು ಇಷ್ಟೇ: ಈ ಊರಿನಲ್ಲಿ ಯಾರ ಭಯ ಕಾಗದಕ್ಕೆ ಇಳಿಯುತ್ತೆ, ಯಾರ ಭಯ ಬಾಯಲ್ಲೇ ಸಾಯುತ್ತೆ?

ಟೈಪಿಂಗ್ ಕ್ಲಾಸು ಮುಗಿಸಿ ಕೇರಿಗೆ ನಡೆದು ಬರುವ ನಮ್ಮ ತಂಗಿಗೆ ಕೊನೆಯ ಬೀದಿದೀಪ ದಾಟಿದ ಮೇಲೆ ಭಯ. ಹೊಸ ಬೈಕು ಹತ್ತಿ ಮೇಲುಜಾತಿಯವರ ಬೀದಿಯಲ್ಲಿ ಹೋದ ಹುಡುಗನಿಗೆ, ಯಾರು ಯಾವಾಗ ಅಡ್ಡ ಹಾಕುತ್ತಾರೋ ಅಂತ ಭಯ. ರೂಮು ಬಾಡಿಗೆಗೆ ಕೇಳಲು ಹೋದವನಿಗೆ, ಇನ್ನೇನು ಜಾತಿ ಕೇಳುತ್ತಾರೆ ಅನ್ನೋ ಭಯ. ಶಾಂತಿ ಸಭೆಯಲ್ಲಿ ಇದಕ್ಕೆ ಜಾಗ ಇಲ್ಲ. ಕ್ಷೌರದಂಗಡಿಯಿಂದ ಒಬ್ಬನನ್ನು ಹೊರಗೆ ಅಟ್ಟುವವನು ಸಮಾಜಘಾತುಕನಲ್ಲವೇ?

ಮರಕುಂಬಿಯ ಹೆಸರು ಕೇಳಿದ್ದೀರಿ. ಕೊಪ್ಪಳ ಜಿಲ್ಲೆ, ಗಂಗಾವತಿ ತಾಲ್ಲೂಕು. ಅಲ್ಲಿ ನಮ್ಮವರಿಗೆ ಹೋಟೆಲು, ಕ್ಷೌರದಂಗಡಿಗಳ ಬಾಗಿಲು ಮುಚ್ಚಿತ್ತು. 2014ರಲ್ಲಿ ಗಂಗಾವತಿಯ ಸಿನಿಮಾ ಥಿಯೇಟರಿನಲ್ಲಿ ಒಂದು ಜಗಳ ಆಯಿತು. ಪೇಟೆಯ ಆ ಜಗಳದ ಹೆಸರಿನಲ್ಲಿ ಹಳ್ಳಿಯ ಕೇರಿಗೆ ನುಗ್ಗಿ ಗುಡಿಸಲು ಸುಟ್ಟರು. ಹತ್ತು ವರ್ಷ ಕಳೆದು 2024ರ ಅಕ್ಟೋಬರ್ 24ರಂದು ಕೊಪ್ಪಳದ ನ್ಯಾಯಾಲಯ 98 ಜನಕ್ಕೆ ಜೀವಾವಧಿ ಶಿಕ್ಷೆ ಕೊಟ್ಟಿತು. ಮುಂದಿನ ತಿಂಗಳೇ ಹೈಕೋರ್ಟಿನಿಂದ ಬಹುಪಾಲು ಜನಕ್ಕೆ ಜಾಮೀನು ಸಿಕ್ಕಿತು. ಯೋಚಿಸಿ. ಗುಡಿಸಲಿಗೆ ಬೆಂಕಿ ಬೀಳುವ ಮುಂಚೆ, ಬಾಗಿಲು ಮುಚ್ಚಿದ್ದ ಅಷ್ಟೂ ದಿನ, ಆ ಊರು ಯಾರ ಲೆಕ್ಕದಲ್ಲಿ ಶಾಂತವಾಗಿತ್ತು?

ಈ ಪಟ್ಟಿ ಬರೆಯುವ ಚಟ ಹಳೆಯದು. 1871ರಲ್ಲಿ ಬ್ರಿಟಿಷರು ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ತಂದರು. ಇಡೀ ಜಾತಿಗೆ ಜಾತಿಯನ್ನೇ ಹುಟ್ಟುಗಳ್ಳರು ಅಂತ ಬರೆದರು. ಹುಬ್ಬಳ್ಳಿ, ಗದಗಗಳಲ್ಲಿ ತಂತಿಬೇಲಿ ಹಾಕಿ ಸಂಸಾರಗಳನ್ನೇ ಕೂಡಿಟ್ಟರು. ಆ ಜಾಗಕ್ಕೆ ಇವತ್ತಿಗೂ ಸೆಟ್ಲಮೆಂಟ್ ಅಂತಲೇ ಹೆಸರು. 1952ರ ಆಗಸ್ಟ್ 31ಕ್ಕೆ ಆ ಕಾಯ್ದೆ ಸತ್ತಿತು. ಆದರೆ ಅದರ ದೆವ್ವ ಠಾಣೆ ಬಿಟ್ಟು ಹೋಗಲಿಲ್ಲ. ಗಂಟಿಚೋರ್ ಅನ್ನೋ ಹೆಸರು ಪರಿಶಿಷ್ಟ ಜಾತಿಗಳ ಸರ್ಕಾರಿ ಪಟ್ಟಿಯಲ್ಲಿ ಇನ್ನೂ ಇದೆ. ಶಾಲೆಗೆ ಸೇರುವ ಮಗು ತನ್ನ ಜಾತಿ ಹೇಳಿದರೆ ಸಾಕು, ಬಾಯಿಂದ ಕಳ್ಳ ಅನ್ನೋ ಮಾತು ಬರುತ್ತೆ.

ಈಗ ರೌಡಿ ಶೀಟು ಇದೆ. ನಿಜವಾದ ರೌಡಿಯ ಮೇಲೆ ತೆರೆಯಲಿ, ನಮ್ಮ ತಕರಾರಿಲ್ಲ. ಆದರೆ ದೆಹಲಿಯ ಒಂದು ಪ್ರಕರಣದಲ್ಲಿ 2024ರ ಮೇ 7ರಂದು ಸುಪ್ರೀಂ ಕೋರ್ಟೇ ಎಚ್ಚರಿಸಿದೆ. ಹಿಂದುಳಿದವರು, ಪರಿಶಿಷ್ಟರು, ಬಡವರು ಅನ್ನೋ ಕಾರಣಕ್ಕೆ ನಿರಪರಾಧಿಗಳ ಹೆಸರನ್ನು ಯಾಂತ್ರಿಕವಾಗಿ ಇಂಥ ಕಡತಗಳಿಗೆ ಸೇರಿಸಬಾರದು, ಎಲ್ಲ ರಾಜ್ಯಗಳೂ ತಮ್ಮ ಪದ್ಧತಿಯನ್ನು ಮರುಪರಿಶೀಲಿಸಬೇಕು ಅಂದಿದೆ. ಇದನ್ನು ಶಾಂತಿ ಸಭೆಯಲ್ಲಿ ಓದಿ ಹೇಳಿದವರು ಯಾರಿದ್ದಾರೆ?

ಇನ್ನೊಂದು ಕಾನೂನು ಕೇಳಿ. ನಮ್ಮ ಹುಡುಗರನ್ನು ಗಡಿಪಾರು ಮಾಡಲು 1963ರ ಪೋಲೀಸ್ ಕಾಯ್ದೆಯ 55ನೇ ಕಲಂ ಎಲ್ಲರಿಗೂ ಗೊತ್ತು. 1989ರ ದೌರ್ಜನ್ಯ ತಡೆ ಕಾಯ್ದೆಯಲ್ಲೂ 10ನೇ ಕಲಂ ಅಂತ ಒಂದಿದೆ. ದೌರ್ಜನ್ಯ ನಡೆಯಬಹುದು ಅಂತ ಗುರುತಾದ ಪ್ರದೇಶದಿಂದ, ಅದನ್ನು ಎಸಗಬಹುದಾದ ಮನುಷ್ಯನನ್ನು ವಿಶೇಷ ನ್ಯಾಯಾಲಯ ಹೊರಗೆ ಕಳಿಸಬಹುದು. ನಿಮ್ಮ ತಾಲ್ಲೂಕಿನಲ್ಲಿ ಹೀಗೆ ಹೊರಗೆ ಹೋದ ಒಬ್ಬ ಯಜಮಾನನ ಹೆಸರು ಹೇಳಿ ನೋಡೋಣ!

ಹಾಸ್ಟೆಲಿನ ತಮ್ಮಂದಿರಿಗೂ ಎರಡು ಮಾತು. ಕಾಲೇಜು ಹುಡುಗಿಯ ಹಿಂದೆ ಶಿಳ್ಳೆ ಹೊಡೆದುಕೊಂಡು ಹೋಗೋದು ಬಂಡಾಯ ಅಲ್ಲ ಕಣ್ರಪ್ಪ, ಅದು ಪುಂಡಾಟವೇ. ಮಾಡಿದವನು ನಮ್ಮವನು ಅಂತ ಮುಚ್ಚಿಟ್ಟರೆ ನಮ್ಮ ತಂಗಿಯರ ಪರವಾಗಿ ಬಾಯಿ ತೆರೆಯುವ ಹಕ್ಕು ನಮಗೆಲ್ಲಿ? ಎಲೆಕ್ಷನ್ನಿನಲ್ಲಿ ಯಾವನೋ ಲೀಡರು ಬಿರಿಯಾನಿ, ಬಾಟಲಿ ಕೊಟ್ಟು ಕೈಗೆ ದೊಣ್ಣೆ ಕೊಡುತ್ತಾನೆ. ಗೆದ್ದ ಮೇಲೆ ಅವನಿಗೆ ಹಾರ, ನಿಮಗೆ ರೌಡಿ ಶೀಟು. ಕೆಲಸಕ್ಕೆ ಅರ್ಜಿ ಹಾಕಿದ ದಿನ ಪೋಲೀಸ್ ವೆರಿಫಿಕೇಷನ್ನಿನಲ್ಲಿ ಆ ದೊಣ್ಣೆ ನಿಮ್ಮ ತಲೆ ಮೇಲೆಯೇ ಬೀಳುತ್ತೆ. ಅಪ್ಪ ಕೂಲಿ ಮಾಡಿ ಓದಿಸಿದ್ದು ಇನ್ನೊಬ್ಬನ ದೊಣ್ಣೆಯಾಗಲಿ ಅಂತಲೇ?

ಹಾಗಾದರೆ ಏನು ಮಾಡೋದು? ಕೆಲಸ ಚಿಕ್ಕದು, ಇವತ್ತೇ ಶುರು ಮಾಡಬಹುದು. ಕೇರಿಯಲ್ಲಿ, ಹಾಸ್ಟೆಲಿನ ದಾರಿಯಲ್ಲಿ ಉರಿಯದ ದೀಪದ ಕಂಬಗಳನ್ನು ಎಣಿಸಿ, ಪುರಸಭೆಗೆ ಬರೆದು ಕೊಟ್ಟು ರಸೀತಿ ಇಟ್ಟುಕೊಳ್ಳಿ. 10ನೇ ಕಲಂ ಕೆಳಗೆ ಎಷ್ಟು ಜನರ ಮೇಲೆ ಕ್ರಮ ಆಗಿದೆ ಅಂತ ಮಾಹಿತಿ ಹಕ್ಕಿನಲ್ಲಿ ಕೇಳಿ. ಜಿಲ್ಲಾ ಜಾಗೃತಿ ಮತ್ತು ಉಸ್ತುವಾರಿ ಸಮಿತಿ ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು ಅಂತ 1995ರ ನಿಯಮ ಹೇಳುತ್ತೆ. ಸೇರಿತಾ, ಏನು ಬರೆದುಕೊಂಡರು, ಕೇಳಿ. ಶಾಂತಿ ಸಭೆಗೆ ಕರೆಯದಿದ್ದರೂ ಹೋಗಿ. ಕೇರಿಯ ಹೆಣ್ಣುಮಕ್ಕಳನ್ನು ಮುಂದಿನ ಕುರ್ಚಿಯಲ್ಲಿ ಕೂರಿಸಿ, ಅವರೇ ಮಾತಾಡಲಿ.

ನಮ್ಮ ತಂಗಿ ರಾತ್ರಿ ಒಂಬತ್ತಕ್ಕೆ ಒಬ್ಬಳೇ ಕೇರಿಗೆ ನಡೆದು ಬರುವ ದಿನ ಈ ಊರು ಸುರಕ್ಷಿತ ಅಂತ ಒಪ್ಪೋಣ. ಅಲ್ಲಿಯವರೆಗೆ ಇವರ ಶಾಂತಿಯ ರಿಜಿಸ್ಟರಿಗೆ ನಮ್ಮ ಸಹಿ ಇಲ್ಲ.