ಗಾಳಿಯಲ್ಲಿರುವ ಅಡುಗೆಮನೆಗೆ ಕಂತು ಕಟ್ಟಬೇಡಿ

ಕಳೆದ ಭಾನುವಾರ ಅಕ್ಕ ರಸ್ತೆಬದಿಯಲ್ಲಿ ನಿಂತು ಕತ್ತೆತ್ತಿ ಬೆರಳು ತೋರಿಸಿದಳು. “ಅಗೋ, ಅಲ್ಲಿ ಬರುತ್ತೆ ಕಣೋ ನಮ್ಮ ಅಡುಗೆಮನೆ. ಪೂರ್ವಕ್ಕೆ ಕಿಟಕಿ.” ಅವಳು ತೋರಿಸಿದ ಜಾಗದಲ್ಲಿ ಒಂದು ಹದ್ದು ಸುತ್ತುತ್ತಿತ್ತು. ಅಕ್ಕನ ಫ್ಲಾಟು ಆರನೇ ಮಹಡಿಯದು. ಕಟ್ಟಡ ನಾಲ್ಕನೇ ಸ್ಲ್ಯಾಬಿಗೆ ನಿಂತು ಎರಡು ವರ್ಷ ದಾಟಿದೆ. ಮೇಲಕ್ಕೆ ಚಾಚಿಕೊಂಡ ಕಂಬಿಗಳು ತುಕ್ಕು ಹಿಡಿದು, ಮಳೆನೀರಿನ ಜೊತೆ ಗೋಡೆಯ ಮೇಲೆಲ್ಲ ಕೆಂಪು ಗೀರು ಇಳಿದಿದೆ. ಲಾಬಿ ಆಗಬೇಕಿದ್ದ ಕಡೆ ವಾಚ್‌ಮನ್ ಸಂಸಾರ ಮೂರು ಇಟ್ಟಿಗೆ ಇಟ್ಟು ಒಲೆ ಹೂಡಿದೆ. ಆ ಕಟ್ಟಡದಲ್ಲಿ ಇವತ್ತಿನವರೆಗೆ ಹಾಲು ಉಕ್ಕಿದ್ದು ಆ ಒಲೆಯ ಮೇಲೆ ಮಾತ್ರ.

ಭಾವ ಬಸ್ ಡಿಪೋದಲ್ಲಿ ಮೂವತ್ತೆರಡು ವರ್ಷ ಮೆಕ್ಯಾನಿಕ್ ಆಗಿ ದುಡಿದು ನಿವೃತ್ತರಾದವರು. ಅವರ ಪಿಎಫ್, ಗ್ರಾಚ್ಯುಟಿ ಸೇರಿ 14 ಲಕ್ಷ, ಅಕ್ಕನ ಮಗ ಉಳಿಸಿದ್ದ 4 ಲಕ್ಷ, ಅವನ ಹೆಸರಿಗೆ 60 ಲಕ್ಷ ಸಾಲ. ಒಟ್ಟು 78 ಲಕ್ಷದ ಎರಡು ಬೆಡ್‌ರೂಮಿನ ಮನೆ. 2021ರ ದಸರಾದಲ್ಲಿ ಬುಕ್ ಮಾಡಿಸಿಕೊಂಡಾಗ ಬಿಲ್ಡರ್ ಕಡೆಯವರು ಮತ್ತೆ ಮತ್ತೆ ಹೇಳಿದ್ದು ಒಂದೇ ಮಾತು: ಕೀಲಿ ಕೈಗೆ ಬರುವವರೆಗೆ ನೀವು ಇಎಂಐ ಕಟ್ಟಬೇಕಾಗಿಲ್ಲ, ನಾವೇ ಕಟ್ಟುತ್ತೇವೆ. ಕಟ್ಟಿದರು ಕೂಡ, ಇಪ್ಪತ್ತೆರಡು ತಿಂಗಳು. ಆಮೇಲೆ ನಿಂತಿತು. ಅಷ್ಟರೊಳಗೆ ಬ್ಯಾಂಕು 42 ಲಕ್ಷ ರೂಪಾಯಿಯನ್ನು ಬಿಲ್ಡರ್ ಖಾತೆಗೆ ಹಾಕಿ ಆಗಿತ್ತು. ಎಷ್ಟು ಸ್ಲ್ಯಾಬ್ ಬಿದ್ದಿದೆ ಎಂದು ಒಬ್ಬರೂ ಬಂದು ನೋಡಿರಲಿಲ್ಲ.

42 ಲಕ್ಷಕ್ಕೆ ಶೇ. 8.5ರಂತೆ ಬರೀ ಬಡ್ಡಿಯೇ ತಿಂಗಳಿಗೆ 29,750 ರೂಪಾಯಿ. ಅಸಲಿನಲ್ಲಿ ಒಂದು ಪೈಸೆ ಕರಗುವುದಿಲ್ಲ. ಇದರ ಮೇಲೆ, ಈಗ ಇರುವ ಮನೆಗೆ 18 ಸಾವಿರ ಬಾಡಿಗೆ. ಎರಡು ತಿಂಗಳು ಕಟ್ಟಲಾಗದೆ ಹೋದದ್ದಕ್ಕೆ ಹುಡುಗನ ಸಿಬಿಲ್ ಸ್ಕೋರ್ ಬಿದ್ದುಹೋಯಿತು. ರಿಕವರಿಯವರು ಆಫೀಸಿಗೆ ಫೋನ್ ಮಾಡಿದರು. ಬಿಲ್ಡರಿಗೆ ಯಾರೂ ಫೋನ್ ಮಾಡಲಿಲ್ಲ, ಯಾಕೆಂದರೆ ಸಾಲ ಬಿಲ್ಡರ್ ಹೆಸರಿನಲ್ಲಿ ಇಲ್ಲ.

ಇಷ್ಟು ದಿನ ಇದು ನಮ್ಮ ಮನೆಯ ಸಂಕಟ ಎಂದು ಸುಮ್ಮನಿದ್ದೆ. ಈಗ ಸುಮ್ಮನಿರಲಾರೆ. ಮನೆ ವ್ಯಾಪಾರ ಮತ್ತೆ ಮಂದವಾಗುತ್ತಿದೆ, ಮತ್ತು “ಕೀಲಿ ಕೈಗೆ ಬರುವವರೆಗೆ ಇಎಂಐ ಇಲ್ಲ” ಎಂಬ ಅದೇ ಮಾತು ಮತ್ತೆ ಫ್ಲೆಕ್ಸು ಏರುತ್ತಿದೆ. ಮಂದವಾಗಿದೆ ಎನ್ನುವುದಕ್ಕೆ ವರದಿ ಓದಬೇಕಾಗಿಲ್ಲ, ನಿಮ್ಮ ಫೋನೇ ಹೇಳುತ್ತದೆ. ಬೆಳಿಗ್ಗೆಯಿಂದ ಸಂಜೆಯೊಳಗೆ ಮೂರು ಕರೆ. “ಸರ್, ಈ ವಾರ ಸೈಟ್ ವಿಸಿಟ್‌ಗೆ ಕ್ಯಾಬ್ ಕಳಿಸ್ತೀವಿ.” ಮಾಡ್ಯುಲರ್ ಕಿಚನ್ ಉಚಿತ, ಕಾರ್ ಪಾರ್ಕಿಂಗ್ ಉಚಿತ, ಚಿನ್ನದ ನಾಣ್ಯ, ನೋಂದಣಿ ಖರ್ಚು ನಮ್ಮದು. ಎಲ್ಲವೂ ಉಚಿತ, ಚದರಡಿ ದರ ಮಾತ್ರ ಒಂದು ರೂಪಾಯಿ ಇಳಿಯುವುದಿಲ್ಲ. ಇಳಿಸಿದರೆ ಹೋದ ವರ್ಷ ಕೊಂಡವರು ಗೇಟಿಗೆ ಬಂದು ನಿಲ್ಲುತ್ತಾರೆ, ಬ್ಯಾಂಕಿನವರು ಮೌಲ್ಯಮಾಪನ ತಗ್ಗಿಸುತ್ತಾರೆ. ಅದಕ್ಕೇ ದರ ಹಾಗೇ ಇಟ್ಟು ಕಿಚನ್ ಕೊಡುತ್ತಾರೆ.

ಇದರಲ್ಲಿ ನನಗೆ ಸಿಟ್ಟಿಲ್ಲ. ವ್ಯಾಪಾರಿ ವ್ಯಾಪಾರ ಮಾಡುತ್ತಾನೆ. ಉಳಿದೆಲ್ಲ ಮೋಸಗಳನ್ನು, ಕಾರ್ಪೆಟ್ ಏರಿಯಾ ಬಿಟ್ಟು ಸೂಪರ್ ಬಿಲ್ಟ್‌ಅಪ್ ಲೆಕ್ಕ ಹೇಳುವುದನ್ನು, “ಮೆಟ್ರೋ ಐದೇ ನಿಮಿಷ” ಎನ್ನುವುದನ್ನು ಕೂಡ ಹೇಗೋ ಸಹಿಸಬಹುದು. ಕ್ಷಮಿಸಲಾಗದ್ದು ಒಂದೇ. ಕಟ್ಟದ ಮನೆಗೆ ಬಡವನ ಹೆಸರಿನಲ್ಲಿ ಸಾಲ ಎತ್ತಿಸಿ, ಆ ದುಡ್ಡನ್ನು ತಾನು ತೆಗೆದುಕೊಂಡು, “ಇಎಂಐ ನಿಮ್ಮದಲ್ಲ” ಎಂದು ನಂಬಿಸುವುದು. ಇದು ಆಫರ್ ಅಲ್ಲ. ಬಿಲ್ಡರಿಗೆ ತನ್ನ ಹೆಸರಲ್ಲಿ ಅಗ್ಗದ ಬಡ್ಡಿಗೆ ಸಾಲ ಹುಟ್ಟುವುದಿಲ್ಲ, ನಿಮ್ಮ ಸಂಬಳದ ಚೀಟಿಗೆ ಹುಟ್ಟುತ್ತದೆ. ಅವನ ಸಾಲಕ್ಕೆ ನೀವು ಜಾಮೀನು ಕೂಡ ಅಲ್ಲ, ನೀವೇ ಸಾಲಗಾರರು.

ನಿಧಾನವಾದ ಮಾರುಕಟ್ಟೆಯಲ್ಲಿ ಇದು ಯಾಕೆ ನೇಣಿನ ಹಗ್ಗವಾಗುತ್ತದೆ ಎಂದು ಬಿಡಿಸಿ ಹೇಳುತ್ತೇನೆ, ಕೇಳಿ. ಇಂಥ ಬಿಲ್ಡರ್ ನಿಮ್ಮ ಬಡ್ಡಿಯನ್ನು ತನ್ನ ಜೇಬಿನಿಂದ ಕಟ್ಟುವುದಿಲ್ಲ. ಹೊಸದಾಗಿ ಬುಕ್ ಮಾಡಿದವರ ದುಡ್ಡಿನಿಂದ ಹಳಬರ ಬಡ್ಡಿ ಕಟ್ಟುತ್ತಾನೆ, ಮೊದಲ ಟವರಿನ ಕಬ್ಬಿಣದ ಬಿಲ್ಲನ್ನು ಎರಡನೇ ಟವರಿನ ಮುಂಗಡದಲ್ಲಿ ತೀರಿಸುತ್ತಾನೆ. ಬುಕಿಂಗ್ ನಡೆಯುತ್ತಿರುವಷ್ಟು ದಿನ ಕ್ರೇನು ತಿರುಗುತ್ತದೆ. ಬುಕಿಂಗ್ ಕಡಿಮೆಯಾದ ತಿಂಗಳು ಕಂಟ್ರಾಕ್ಟರ್ ಆಳುಗಳನ್ನು ಬೇರೆ ಸೈಟಿಗೆ ಕಳಿಸುತ್ತಾನೆ. ಅದರ ಮುಂದಿನ ತಿಂಗಳು ನಿಮ್ಮ ಬಡ್ಡಿ ನಿಲ್ಲುತ್ತದೆ. ಮಾರುಕಟ್ಟೆ ಮಂದವಾದಾಗ ಈ ಆಫರ್ ಹೆಚ್ಚುತ್ತದೆ, ಮಾರುಕಟ್ಟೆ ಮಂದವಾದಾಗಲೇ ಈ ಆಫರ್ ಕೈಕೊಡುತ್ತದೆ. ಈ ಒಂದು ಮಾತನ್ನು ದಯವಿಟ್ಟು ಫ್ರಿಜ್ಜಿನ ಮೇಲೆ ಅಂಟಿಸಿಕೊಳ್ಳಿ.

ಇದು ಗೊತ್ತಿಲ್ಲದೆ ಆಗುತ್ತಿರುವುದೂ ಅಲ್ಲ. 2013ರ ಸೆಪ್ಟೆಂಬರಿನಲ್ಲೇ ರಿಸರ್ವ್ ಬ್ಯಾಂಕು, ಸಾಲವನ್ನು ಕಾಮಗಾರಿಯ ಹಂತ ನೋಡಿ ಬಿಡುಗಡೆ ಮಾಡಿ, ಮುಂಚಿತವಾಗಿ ಬಿಲ್ಡರ್ ಕೈಗೆ ಕೊಡಬೇಡಿ ಎಂದು ಬ್ಯಾಂಕುಗಳಿಗೆ ಹೇಳಿತು. 2019ರ ಜುಲೈನಲ್ಲಿ ನ್ಯಾಷನಲ್ ಹೌಸಿಂಗ್ ಬ್ಯಾಂಕು, ಬಿಲ್ಡರ್ ಬಡ್ಡಿ ಕಟ್ಟುವ ಸಬ್‌ವೆನ್ಷನ್ ಸ್ಕೀಮುಗಳಿಂದ ದೂರ ಇರಿ ಎಂದು ಗೃಹಸಾಲ ಕಂಪನಿಗಳಿಗೆ ತಿಳಿಸಿತು. ಅದೇ ತಿಂಗಳು ನೋಯ್ಡಾದ ಆಮ್ರಪಾಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, 42 ಸಾವಿರಕ್ಕೂ ಹೆಚ್ಚು ಮಂದಿಯ ಅರ್ಧಂಬರ್ಧ ಮನೆಗಳನ್ನು ಕಟ್ಟಿ ಮುಗಿಸುವ ಕೆಲಸವನ್ನು ಸರ್ಕಾರಿ ಸಂಸ್ಥೆ ಎನ್‌ಬಿಸಿಸಿಗೆ ಒಪ್ಪಿಸಬೇಕಾಯಿತು. 2025ರಲ್ಲಿ ಸಬ್‌ವೆನ್ಷನ್ ಸಾಲಗಳ ವಿಚಾರದಲ್ಲಿ ಬಿಲ್ಡರುಗಳು ಮತ್ತು ಬ್ಯಾಂಕುಗಳ ನಂಟನ್ನು ತನಿಖೆ ಮಾಡಲು ಅದೇ ಕೋರ್ಟು ಸಿಬಿಐಗೆ ಸೂಚಿಸಿತು. ಇಷ್ಟೆಲ್ಲ ಆದಮೇಲೂ ಮಾತಿನ ವೇಷ ಬದಲಾಗಿ ಆಫರ್ ಬದುಕಿದೆ. ಬಡ್ಡಿಯನ್ನು ಬ್ಯಾಂಕಿಗೆ ಕಟ್ಟುವ ಬದಲು “ನಿಮ್ಮ ಖಾತೆಗೇ ಹಾಕ್ತೀವಿ” ಎನ್ನುತ್ತಾರೆ. ಒಂದು ಕಾಗದದಲ್ಲಿ ಬರೆದೂ ಕೊಡುತ್ತಾರೆ. ಅಂಥದೊಂದು ಕಾಗದ ಅಕ್ಕನ ಮನೆಯ ಬೀರುವಿನಲ್ಲಿ, ರೇಷ್ಮೆ ಸೀರೆಗಳ ಕೆಳಗೆ ಭದ್ರವಾಗಿದೆ.

“ರೆರಾ ಇದೆಯಲ್ಲ” ಎನ್ನುತ್ತೀರಿ. ಇದೆ. ರಿಯಲ್ ಎಸ್ಟೇಟ್ ವ್ಯವಹಾರಕ್ಕೆಂದೇ ಬಂದ ಒಳ್ಳೆಯ ಕಾಯ್ದೆ. 2016ರಲ್ಲಿ ಬಂತು, ಪೂರ್ತಿಯಾಗಿ 2017ರ ಮೇ 1ರಿಂದ ಜಾರಿಯಾಯಿತು. ನೋಂದಣಿ ಇಲ್ಲದೆ ಜಾಹೀರಾತು ಕೊಡುವಂತಿಲ್ಲ, ಬುಕಿಂಗ್ ತೆಗೆದುಕೊಳ್ಳುವಂತಿಲ್ಲ. ಕರಾರು ನೋಂದಣಿ ಮಾಡಿಕೊಡದೆ ಶೇ. 10ಕ್ಕಿಂತ ಹೆಚ್ಚು ದುಡ್ಡು ಕೇಳುವಂತಿಲ್ಲ. ಕೊಂಡವರಿಂದ ಬಂದದ್ದರಲ್ಲಿ ಶೇ. 70 ಭಾಗ ಪ್ರತ್ಯೇಕ ಖಾತೆಯಲ್ಲಿರಬೇಕು. ತಡವಾದರೆ ಬಡ್ಡಿ ಸಮೇತ ವಾಪಸ್ ಕೇಳಬಹುದು. ನಮ್ಮವರೂ ಕೇಳಿದರು, ಆದೇಶವೂ ಅವರ ಪರ ಬಂತು. ದುಡ್ಡು ಬಂದಿಲ್ಲ. ಭೂಕಂದಾಯದ ಬಾಕಿಯಂತೆ ವಸೂಲಿ ಮಾಡಲು ಕಾನೂನಿನಲ್ಲಿ ದಾರಿ ಇದೆ, ನಿಜ. ಆದರೆ ವಸೂಲಿ ಮಾಡಲು ಆ ಕಂಪನಿಯ ಹೆಸರಿನಲ್ಲಿ ಏನಾದರೂ ಉಳಿದಿರಬೇಕಲ್ಲ? ಇರುವುದು ತುಕ್ಕು ಕಂಬಿ. ಕಾಯ್ದೆ ನಿಮ್ಮ ಕಡೆ ಇರುತ್ತದೆ, ಕಂತು ನಿಮ್ಮ ತಲೆ ಮೇಲೆ ಇರುತ್ತದೆ. ಎರಡೂ ಏಕಕಾಲಕ್ಕೆ ನಿಜ.

ಬಿಲ್ಡರನ್ನು, ಬ್ಯಾಂಕನ್ನು ಬೈದಾಯಿತು. ಈಗ ನಿಮ್ಮನ್ನೂ ನನ್ನನ್ನೂ ಬೈಯುತ್ತೇನೆ. ಅಕ್ಕನ ಮಗ ಈ ಬಲೆಗೆ ಬಿದ್ದದ್ದು ಜಾಹೀರಾತು ನೋಡಿ ಅಲ್ಲ. ಮದುವೆ ಮಾತುಕತೆಯಲ್ಲಿ ಹೆಣ್ಣಿನ ಕಡೆಯವರು “ಸ್ವಂತ ಮನೆ ಇದೆಯಾ?” ಎಂದು ಕೇಳಿದರು. ನಾವು ಸೋದರಮಾವಂದಿರು, ಚಿಕ್ಕಪ್ಪಂದಿರು, ಹಬ್ಬದೂಟದಲ್ಲಿ ಹೋಳಿಗೆ ಬಡಿಸಿಕೊಳ್ಳುತ್ತಾ “ಇನ್ನೂ ಎಷ್ಟು ದಿನ ಬಾಡಿಗೆಗೆ ಸುರೀತೀಯೋ?” ಎಂದೆವು. ನಾನೂ ಅಂದಿದ್ದೆ. ಆ ಹುಡುಗನ ಮುಖ ನನಗೆ ನೆನಪಿದೆ. ಬಾಡಿಗೆ ಮನೆಯಲ್ಲಿದ್ದವನು ಅರ್ಧ ಮನುಷ್ಯ ಎಂದು ತೀರ್ಪು ಕೊಡಲು ನಮಗೆ ಯಾರು ಅಧಿಕಾರ ಕೊಟ್ಟರು? ಬೆಂಗಳೂರಿನಲ್ಲಿ ಲೆಕ್ಕ ಹಾಕಿ ನೋಡಿ. 60 ಲಕ್ಷ ಸಾಲ, 20 ವರ್ಷ, ಶೇ. 8.5: ಕಂತು ಸುಮಾರು 52 ಸಾವಿರ. ಮೊದಲ ತಿಂಗಳ ಕಂತಿನಲ್ಲಿ 42,500 ಬಡ್ಡಿಗೆ, ಅಸಲಿಗೆ ಹೋಗುವುದು ಹತ್ತು ಸಾವಿರವೂ ಇಲ್ಲ. ಇಪ್ಪತ್ತು ವರ್ಷಕ್ಕೆ ಕಟ್ಟುವ ಬಡ್ಡಿ 65 ಲಕ್ಷ, ಅಂದರೆ ಸಾಲಕ್ಕಿಂತ ಹೆಚ್ಚು. ಬಾಡಿಗೆಗೆ ಕೊಟ್ಟದ್ದು ಸುರಿದದ್ದಾದರೆ ಇದೇನು, ಕೂಡಿಟ್ಟದ್ದೇ?

ಮನೆ ಕೊಳ್ಳಬೇಡಿ ಎಂದು ನಾನು ಹೇಳುತ್ತಿಲ್ಲ. ಕಟ್ಟಿ ಮುಗಿದ ಮನೆ ಕೊಳ್ಳುವವನಿಗೆ ಮಂದ ಮಾರುಕಟ್ಟೆಗಿಂತ ಒಳ್ಳೆಯ ಕಾಲವಿಲ್ಲ. ಆಗ ಅವಸರ ಇರುವುದು ಮಾರುವವನಿಗೆ. ಇನ್ನೊಂದು ವಿಷಯ, ಸೇಲ್ಸ್‌ನವರು ಇದನ್ನು ಬಾಯಿ ಬಿಡುವುದಿಲ್ಲ: ಕಟ್ಟುತ್ತಿರುವ ಫ್ಲಾಟಿಗೆ ಸಾಮಾನ್ಯವಾಗಿ ಶೇ. 5 ಜಿಎಸ್‌ಟಿ ಇದೆ, ಓಸಿ, ಅಂದರೆ ವಾಸಯೋಗ್ಯ ಪ್ರಮಾಣಪತ್ರ, ಬಂದ ಮೇಲೆ ಕೊಂಡರೆ ಇಲ್ಲ. ಇಷ್ಟಾದರೂ ಜನ ಗಾಳಿಗೇ ತೆರಿಗೆ ಕಟ್ಟಿ ಕಾಯುತ್ತಾರೆ.

ಏನು ಮಾಡಬೇಕು ಎಂದರೆ, ದೊಡ್ಡ ಪಟ್ಟಿ ನನ್ನಲ್ಲಿಲ್ಲ. ಓಸಿ ಇದ್ದರೆ ಮಾತಾಡಿ, ಇಲ್ಲದಿದ್ದರೆ ಕಾಫಿ ಕುಡಿದು ವಾಪಸ್ ಬನ್ನಿ. ಓಸಿ ಇಲ್ಲದ ಕಟ್ಟಡಕ್ಕೆ ವಿದ್ಯುತ್, ನೀರಿನ ಸಂಪರ್ಕ ಕೊಡಬಾರದು ಎಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರಿನಲ್ಲಿ ಹೇಳಿದ ಮೇಲೆ, ಬೆಂಗಳೂರಿನಲ್ಲಿ ಮನೆ ಮುಗಿದರೂ ಮೀಟರ್ ಸಿಗದೆ ಒದ್ದಾಡಿದವರನ್ನು ಕೇಳಿ ನೋಡಿ. ಇ-ಖಾತಾ, ಇಸಿ (ಋಣಭಾರ ಪ್ರಮಾಣಪತ್ರ), ಮೂಲಪತ್ರಗಳನ್ನು ನಿಮ್ಮದೇ ವಕೀಲರಿಗೆ ತೋರಿಸಿ, ಬಿಲ್ಡರ್ ಪರಿಚಯಿಸಿದ ವಕೀಲರಿಗಲ್ಲ. ಕಟ್ಟುತ್ತಿರುವ ಮನೆಯನ್ನೇ ಕೊಳ್ಳುವ ಹಟ ಇದ್ದರೆ, ಸ್ಲ್ಯಾಬ್ ನೋಡದೆ ಕಂತು ಬಿಡುಗಡೆ ಮಾಡಬೇಡಿ ಎಂದು ಬ್ಯಾಂಕಿಗೆ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ. ಅಷ್ಟೇ. ಇದರಿಂದ ಎಲ್ಲ ಮೋಸವೂ ತಪ್ಪುತ್ತದೆ ಎಂದು ನಾನು ಹೇಳಲಾರೆ. ಆದರೆ ಆ ಒಂದು ಮೋಸಕ್ಕೆ, ನಿಮ್ಮ ಹೆಸರಿನ ಸಾಲದಲ್ಲಿ ಇನ್ನೊಬ್ಬ ಕಟ್ಟಡ ಏಳಿಸುವ ಆಟಕ್ಕೆ, ನೀವು ರುಜು ಹಾಕದಿದ್ದರೆ ಸಾಕು. ರುಜು ಹಾಕುವವರು ಇಲ್ಲದಿದ್ದರೆ ಆ ಆಫರ್ ಮೂರು ತಿಂಗಳು ಬಾಳುವುದಿಲ್ಲ.

ಬ್ಯಾಂಕ್ ನೌಕರರೇ, ನಿಮಗೂ ಒಂದು ಮಾತು. ನಿಮ್ಮ ಟಾರ್ಗೆಟ್ಟಿನ ಒತ್ತಡ ನನಗೆ ಗೊತ್ತು, ನನ್ನ ಗೆಳೆಯರಲ್ಲೂ ಬ್ಯಾಂಕಿನವರಿದ್ದಾರೆ. ಆದರೂ ಒಂದು ಸಲ, ಒಂದೇ ಸಲ, ಹಣ ಬಿಡುಗಡೆ ಮಾಡುವ ಮುಂಚೆ ಹೆಲ್ಮೆಟ್ ಹಾಕಿಕೊಂಡು ಸ್ಕೂಟರಿನಲ್ಲಿ ಸೈಟಿಗೆ ಹೋಗಿ ಬನ್ನಿ. ಎಷ್ಟು ಮಹಡಿ ಎದ್ದಿದೆ ಎಂದು ಎಣಿಸಲು ಎಂಜಿನಿಯರಿಂಗ್ ಓದಿರಬೇಕಾಗಿಲ್ಲ. ನಮ್ಮ ಭಾವ ಎಣಿಸುತ್ತಾರೆ, ತಿಂಗಳಿಗೊಮ್ಮೆ. ಎರಡು ವರ್ಷದಿಂದ ನಾಲ್ಕೇ ಬರುತ್ತಿದೆ.

ಮೊನ್ನೆ ವಾಪಸ್ ಬರುವಾಗ ಬಸ್ಸಿನಲ್ಲಿ ಅಕ್ಕ ಕೇಳಿದಳು: “ತಪ್ಪು ನಮ್ಮದೇನೋ?” ನಾನು ಇಲ್ಲ ಎಂದೆ. ಆಮೇಲೆ ಭಾವ ಕಿಟಕಿಯಾಚೆ ನೋಡುತ್ತಾ, “ರಿಟೈರ್‌ಮೆಂಟ್ ದುಡ್ಡು ಪೋಸ್ಟಾಫೀಸಿನಲ್ಲಿ ಇಟ್ಟಿದ್ರೆ ಆಗ್ತಿತ್ತು” ಎಂದರು. ಅದಕ್ಕೆ ನಾನು ಏನೂ ಹೇಳಲಿಲ್ಲ. ಹಬ್ಬದೂಟದಲ್ಲಿ ಹೋಳಿಗೆ ತಿನ್ನುತ್ತಾ ಆಡಿದ ಮಾತು ನೆನಪಾಗಿತ್ತು.

ಈ ಓದು ಮುಗಿಸುವಷ್ಟರಲ್ಲಿ ನಿಮಗೂ ಒಂದು ಕರೆ ಬರಬಹುದು. ಭಾನುವಾರ ಬೆಳಿಗ್ಗೆ ಕ್ಯಾಬ್ ಕಳಿಸುತ್ತೇವೆ ಎನ್ನುತ್ತಾರೆ. ಕೀಲಿ ಕೈಗೆ ಬರುವವರೆಗೆ ಇಎಂಐ ಇಲ್ಲ ಎನ್ನುತ್ತಾರೆ. ಜಗಳ ಆಡಬೇಡಿ, ಪಾಪ, ಫೋನ್ ಮಾಡುವ ಹುಡುಗಿಗೂ ಮನೆ ಬಾಡಿಗೆ ಕಟ್ಟುವುದಿದೆ. ಕ್ಯಾಬಿನಲ್ಲಿ ಓಸಿಯ ಒಂದು ಪ್ರತಿ ಇಟ್ಟು ಕಳಿಸಿ ಅನ್ನಿ. ಅದು ಇಲ್ಲದೆ ಬಂದ ಕ್ಯಾಬನ್ನು ಗೇಟಿನಿಂದಲೇ ವಾಪಸ್ ಕಳಿಸಿ.