ಅಲೈನ್‌ಮೆಂಟ್‌ಗೆ ಮೊದಲು ಬುಷ್ ನೋಡಿ

ಕಾರಿನ ಹೊಗೆಗೆ ಕಾಲಕಾಲಕ್ಕೆ ತಪಾಸಣೆ ಕಡ್ಡಾಯ. ಟ್ಯಾಕ್ಸಿಗಳಿಗೆ ಎಫ್‌ಸಿ ಇದೆ. ಮನೆಮಂದಿ ಓಡಾಡುವ ಖಾಸಗಿ ಕಾರಿಗೆ ಮಾತ್ರ ಅಂಥ ಸದೃಢತೆ ಪರೀಕ್ಷೆ ಬರುವುದು ನೋಂದಣಿಯಾಗಿ 15 ವರ್ಷ ಕಳೆದ ಮೇಲೆ, ನವೀಕರಣದ ಹೊತ್ತಿಗೆ. ಅಲ್ಲಿಯವರೆಗೆ ಕಾರಿನ ಅಡಿಭಾಗ ನೋಡುವ ಹೊಣೆ ಮಾಲೀಕರದ್ದು ಮತ್ತು ಅವರು ನಂಬಿದ ಗ್ಯಾರೇಜಿನದ್ದು. ಇಂಗ್ಲೆಂಡಿನಲ್ಲಿ ಕಾರಿಗೆ 3 ವರ್ಷ ತುಂಬಿದರೆ ಸಾಕು, ಆಮೇಲೆ ಪ್ರತಿ ವರ್ಷ ಎಂಒಟಿ ಪರೀಕ್ಷೆ. ಸಸ್ಪೆನ್ಷನ್‌ನ ರಬ್ಬರ್ ಬುಷ್ ಅತಿಯಾಗಿ ಸವೆದಿದ್ದರೆ ಕಾರು ಪಾಸಾಗುವುದಿಲ್ಲ. ಜರ್ಮನಿಯಲ್ಲಿ ಮೊದಲ ಪರೀಕ್ಷೆ 3 ವರ್ಷಕ್ಕೆ, ನಂತರ 2 ವರ್ಷಕ್ಕೊಮ್ಮೆ.

ಆ ದೇಶಗಳಿಗಿಂತ ನಮ್ಮ ರಸ್ತೆಗಳಲ್ಲಿ ಈ ರಬ್ಬರ್ ಭಾಗಗಳು ಹೆಚ್ಚು ಏಟು ತಿನ್ನುತ್ತವೆ. ಭಾರತೀಯ ರಸ್ತೆ ಕಾಂಗ್ರೆಸ್‌ನ 1988ರ ಮಾರ್ಗಸೂಚಿಯಂತೆ ರಸ್ತೆ ಉಬ್ಬು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು. ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಕಾರು ಅದನ್ನು ಸಲೀಸಾಗಿ ದಾಟಬೇಕು. ಊರೂರಿನ ಬಾಗಿಲಲ್ಲಿ ಗ್ರಾಮಸ್ಥರೇ ಹಾಕಿಸಿಕೊಂಡ ಕಡಿದಾದ ಹಂಪ್‌ಗಳನ್ನು ಹತ್ತಿಳಿದವರಿಗೆ ಈ ಅಳತೆಗೂ ವಾಸ್ತವಕ್ಕೂ ಇರುವ ದೂರ ಗೊತ್ತು. ಮಳೆಗಾಲದ ಗುಂಡಿಗಳು, ಘಾಟಿ ತಿರುವುಗಳು, ಬೆಂಗಳೂರಿನ ವೈಟ್‌ಟಾಪಿಂಗ್ ಕಾಂಕ್ರೀಟಿನ ಅಂಚುಗಳ ಪೆಟ್ಟನ್ನು ಟೈರಿನ ನಂತರ ಹೊರುವುದು ಬುಷ್‌ಗಳೇ.

ಬುಷ್ ನೋಡಲು ಸಣ್ಣ ವಸ್ತು. ಹೊರಗೊಂದು ಉಕ್ಕಿನ ಬಳೆ, ಒಳಗೊಂದು ಉಕ್ಕಿನ ಕೊಳವೆ, ನಡುವೆ ಎರಡಕ್ಕೂ ಅಂಟಿಕೊಂಡ ರಬ್ಬರ್. ಚಕ್ರವನ್ನು ಹಿಡಿದಿರುವ ಲೋವರ್ ಆರ್ಮ್ ಮೇಲೆ ಕೆಳಗೆ ಆಡುವಾಗ ಈ ರಬ್ಬರ್ ತಿರುಚಿಕೊಂಡು ಮತ್ತೆ ಮೊದಲಿನ ಸ್ಥಿತಿಗೆ ಬರುತ್ತದೆ. ಲೋಹಕ್ಕೆ ಲೋಹ ತಾಗದಂತೆ ತಡೆದು, ಸದ್ದನ್ನೂ ನಡುಕವನ್ನೂ ತನ್ನಲ್ಲೇ ಅಡಗಿಸಿಕೊಳ್ಳುತ್ತದೆ. ಸ್ಟೆಬಿಲೈಜರ್ ಬಾರ್‌ನ ಬುಷ್, ಸ್ಟ್ರಟ್‌ನ ತಲೆಯ ಮೌಂಟಿಂಗ್, ಶಾಕ್ ಅಬ್ಸಾರ್ಬರ್‌ನ ಬಂಪ್ ಸ್ಟಾಪರ್, ಬಾಲ್ ಜಾಯಿಂಟ್‌ನ ಧೂಳು ತಡೆಯುವ ಟೋಪಿ ಎಲ್ಲವೂ ರಬ್ಬರ್ ಅಥವಾ ಅದರ ಬಳಗದ ವಸ್ತುಗಳೇ.

ಕಾರು ಓಡದೆ ನಿಂತಿದ್ದರೂ ರಬ್ಬರ್‌ಗೆ ವಯಸ್ಸಾಗುತ್ತದೆ. ಗಾಳಿಯಲ್ಲಿರುವ ಓಝೋನ್ ಅದರ ಮೇಲ್ಮೈಯಲ್ಲಿ ಬಿರುಕು ಮೂಡಿಸುತ್ತದೆ, ಬಿಸಿ ಅದನ್ನು ಗಡುಸಾಗಿಸುತ್ತದೆ, ಎಣ್ಣೆ ತಾಗಿದರೆ ಊದಿಕೊಂಡು ಮೆತ್ತಗಾಗುತ್ತದೆ. ವಾಟರ್ ಸರ್ವಿಸ್ ಆದ ಮೇಲೆ ತುಕ್ಕು ಹಿಡಿಯದಿರಲೆಂದು ಅಡಿಭಾಗಕ್ಕೆ ಡೀಸೆಲ್ ಅಥವಾ ಹಳೆಯ ಎಂಜಿನ್ ಆಯಿಲ್ ಸಿಂಪಡಿಸುವ ರೂಢಿ ಇನ್ನೂ ಕೆಲವೆಡೆ ಇದೆ. ಇದನ್ನು ಮೊದಲು ನಿಲ್ಲಿಸಬೇಕು. ಕಬ್ಬಿಣ ಉಳಿಸಲು ಹೋಗಿ ರಬ್ಬರ್ ಕೊಂದಂತಾಗುತ್ತದೆ. ಹಾಗೆಯೇ, ಹತ್ತು ವರ್ಷದ ಕಾರು ಇಪ್ಪತ್ತು ಸಾವಿರ ಕಿಲೋಮೀಟರ್ ಮಾತ್ರ ಓಡಿದೆ ಎಂದು ಮೀಟರ್ ತೋರಿಸಿ ಮಾರುವವರ ಮಾತಿಗೆ ಮರುಳಾಗದೆ, ಅಡಿಯ ರಬ್ಬರ್ ನೋಡಿಯೇ ಕೊಳ್ಳಬೇಕು.

ಸವೆತದ ಗುರುತುಗಳು ಕಿವಿಗೂ ಕೈಗೂ ಮೊದಲೇ ಸಿಗುತ್ತವೆ. ಹಂಪ್ ಮೇಲೆ ನಿಧಾನವಾಗಿ ಹತ್ತುವಾಗ ಕಿರ್ ಎಂದರೆ ಹೆಚ್ಚಾಗಿ ಸ್ಟೆಬಿಲೈಜರ್ ಬಾರ್‌ನ ಬುಷ್ ಒಣಗಿದೆ ಎಂದರ್ಥ. ಸಣ್ಣ ಸಣ್ಣ ಗುಂಡಿಗಳಲ್ಲಿ ಟಕ್ ಟಕ್ ಸದ್ದು ಬಂದರೆ ಲಿಂಕ್ ರಾಡ್ ಅಥವಾ ಸ್ಟ್ರಟ್ ಮೌಂಟಿಂಗ್ ಕಡೆ ನೋಡಬೇಕು. ರಿವರ್ಸ್‌ನಿಂದ ಮುಂದಕ್ಕೆ ಹೊರಡುವಾಗ ಅಥವಾ ಬ್ರೇಕ್ ಒತ್ತಿದಾಗ ದಡ್ ಎಂದು ಒಂದೇ ಏಟು ಕೇಳಿಸಿ, ಸ್ಟೀರಿಂಗ್ ಒಂದು ಪಕ್ಕಕ್ಕೆ ಎಳೆದರೆ ಲೋವರ್ ಆರ್ಮ್ ಬುಷ್ ಮೇಲೆ ಅನುಮಾನ ಪಡಬೇಕು. ಬುಷ್ ಸಡಿಲವಾದರೆ ಚಕ್ರದ ಕೋನ ಓಡುತ್ತಿರುವಾಗಲೇ ಬದಲಾಗುತ್ತದೆ. ಟೈರ್ ಒಂದು ಅಂಚಿನಲ್ಲಿ ಸವೆಯುತ್ತದೆ.

ಹೆಚ್ಚಿನವರು ತಪ್ಪು ದಾರಿ ಹಿಡಿಯುವುದು ಇಲ್ಲಿಯೇ. ಟೈರ್ ಸವೆಯಿತು ಎಂದು ಅಲೈನ್‌ಮೆಂಟ್ ಮಾಡಿಸುತ್ತಾರೆ. ನಿಂತ ಕಾರಿನಲ್ಲಿ ಅಳತೆ ಸರಿ ಬರುತ್ತದೆ, ರಸ್ತೆಗಿಳಿದರೆ ಮತ್ತೆ ತಪ್ಪುತ್ತದೆ. ಕೆಲವೇ ತಿಂಗಳಲ್ಲಿ ಮತ್ತೊಂದು ಅಲೈನ್‌ಮೆಂಟ್, ಆಮೇಲೆ ಹೊಸ ಟೈರು. ಸಣ್ಣ ಕಾರಿನ ಒಂದು ಬುಷ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಅದನ್ನು ನೋಡದೆ ಬಿಟ್ಟದ್ದಕ್ಕೆ ಸಾವಿರಾರು ರೂಪಾಯಿಯ ಟೈರ್ ಬಲಿಯಾಗುತ್ತದೆ. ಬುಷ್ ನೋಡದೆ ಅಲೈನ್‌ಮೆಂಟ್ ಮಾಡಿ ಹಣ ಪಡೆಯುವುದು ಅರ್ಧ ಕೆಲಸಕ್ಕೆ ಪೂರ್ತಿ ಕೂಲಿ ಪಡೆದಂತೆ.

ಗ್ಯಾರೇಜಿನ ಲಿಫ್ಟ್ ಬಿಟ್ಟರೆ ಪರೀಕ್ಷೆಗೆ ಬೇರೆ ದೊಡ್ಡ ಯಂತ್ರವೇನೂ ಬೇಡ. ಕಾರನ್ನು ಲಿಫ್ಟ್ ಮೇಲೆ ಏರಿಸಿ, ಆರ್ಮ್ ಮತ್ತು ಚಾಸಿಸ್ ನಡುವೆ ಉದ್ದನೆಯ ಲಿವರ್ ಕೊಟ್ಟು ಮೆಲ್ಲಗೆ ಮೀಟಬೇಕು. ಸುಮ್ಮನೆ ನೋಡಿದರೆ ಚೆನ್ನಾಗಿಯೇ ಕಾಣುವ ಬುಷ್, ಮೀಟಿದಾಗ ಬಾಯಿ ಬಿಡುತ್ತದೆ. ಮೇಲ್ಮೈಯ ಕೂದಲೆಳೆಯ ಬಿರುಕಿಗೆಲ್ಲ ಬದಲಾವಣೆ ಬೇಕಿಲ್ಲ. ರಬ್ಬರ್ ಲೋಹದಿಂದ ಬಿಟ್ಟುಕೊಂಡಿದ್ದರೆ, ಆಳಕ್ಕೆ ಹರಿದಿದ್ದರೆ ಅಥವಾ ಒಳಗಿನ ಕೊಳವೆ ಒಂದು ಕಡೆಗೆ ವಾಲಿದ್ದರೆ ತಡ ಮಾಡಬಾರದು. ಮನೆಯ ಮುಂದೆ ಬರೀ ಜ್ಯಾಕ್ ಕೊಟ್ಟು ಕಾರಿನಡಿಗೆ ನುಸುಳುವ ಸಾಹಸವಂತೂ ಯಾರೂ ಮಾಡಬಾರದು. ಜ್ಯಾಕ್ ಜಾರಿದರೆ ಜೀವಕ್ಕೇ ಅಪಾಯ.

ಬದಲಿಸುವ ಕೆಲಸದಲ್ಲಿ ಕಣ್ಣಿಗೆ ಕಾಣದ ತಪ್ಪುಗಳಾಗುತ್ತವೆ. ಹಳೆಯ ಬುಷ್ ಅನ್ನು ಸುತ್ತಿಗೆಯಲ್ಲಿ ಬಡಿದು ತೆಗೆದರೆ ಆರ್ಮ್‌ನ ಕಣ್ಣು ಸೊಟ್ಟಗಾಗುವ ಭಯವಿದೆ. ಅದನ್ನು ಪ್ರೆಸ್‌ನಲ್ಲಿ ಒತ್ತಿಯೇ ತೆಗೆದು, ಒತ್ತಿಯೇ ಕೂರಿಸಬೇಕು. ಕೆಲವು ಬುಷ್‌ಗಳ ರಬ್ಬರ್‌ನಲ್ಲಿ ಬೇಕೆಂದೇ ಬಿಟ್ಟ ಸೀಳುಗಳಿರುತ್ತವೆ, ಅವು ಕಂಪನಿ ಹೇಳಿದ ದಿಕ್ಕಿಗೇ ಇರಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ಕೊನೆಯ ಬಿಗಿತ. ಕಾರು ಲಿಫ್ಟ್ ಮೇಲಿದ್ದಾಗ ಚಕ್ರಗಳು ಕೆಳಕ್ಕೆ ಜೋತು ಬಿದ್ದಿರುತ್ತವೆ. ಆಗಲೇ ಆರ್ಮ್‌ನ ಬೋಲ್ಟ್ ಪೂರ್ತಿ ಬಿಗಿದುಬಿಟ್ಟರೆ, ಕಾರು ನೆಲಕ್ಕಿಳಿದ ಕ್ಷಣದಿಂದ ರಬ್ಬರ್ ಸದಾ ತಿರುಚಿಕೊಂಡೇ ಇರುತ್ತದೆ, ಹೊಸ ಬುಷ್ ಬಹುಬೇಗ ಹರಿಯುತ್ತದೆ. ಬೋಲ್ಟ್ ಅನ್ನು ಮೊದಲು ಸಡಿಲವಾಗಿ ಹಾಕಿ, ಕಾರಿನ ಭಾರ ಚಕ್ರದ ಮೇಲೆ ಬಿದ್ದ ನಂತರ ಟಾರ್ಕ್ ರೆಂಚ್‌ನಿಂದ ಬಿಗಿಯಬೇಕು. "ಹೋದ ವರ್ಷವಷ್ಟೇ ಹಾಕಿಸಿದ್ದೆ, ಮತ್ತೆ ಹೋಯ್ತು" ಎಂಬ ದೂರು ಬಂದಾಗ ವಸ್ತುವನ್ನು ನಕಲಿ ಎಂದು ಬೈಯುವ ಮೊದಲು ಇದನ್ನೂ ವಿಚಾರಿಸಬೇಕು.

ಬುಷ್ ಮಾತ್ರ ಬದಲಿಸಬೇಕೇ, ಇಡೀ ಆರ್ಮ್ ಹಾಕಿಸಬೇಕೇ ಎಂಬುದಕ್ಕೆ ಒಂದೇ ಉತ್ತರವಿಲ್ಲ. ಬಾಲ್ ಜಾಯಿಂಟ್ ಕೂಡ ಆಡುತ್ತಿದ್ದರೆ ಅಥವಾ ಆರ್ಮ್ ಬಾಗಿದ್ದರೆ ಇಡೀ ಆರ್ಮ್ ಹಾಕಿಸುವುದು ಜಾಣತನ. ಬುಷ್ ಒಂದೇ ಹೋಗಿದ್ದಾಗ ಇಡೀ ಆರ್ಮ್ ಹಾಕಬೇಕೆಂದರೆ ಕಾರಣ ಕೇಳುವ ಹಕ್ಕು ಗ್ರಾಹಕರಿಗಿದೆ. ಎಡಬಲ ಎರಡನ್ನೂ ಒಟ್ಟಿಗೆ ಬದಲಿಸಿ, ಅನಂತರವೇ ಅಲೈನ್‌ಮೆಂಟ್ ಮಾಡಿಸಬೇಕು.

ಸರ್ಕಾರ ಖಾಸಗಿ ಕಾರುಗಳ ಸುರಕ್ಷತಾ ತಪಾಸಣೆಯನ್ನು 15 ವರ್ಷಕ್ಕಿಂತ ಬಹಳ ಮೊದಲೇ ಆರಂಭಿಸಬೇಕು. ಅದಕ್ಕಾಗಿ ಕಾಯುತ್ತಾ ಕೂರುವ ಅಗತ್ಯ ಮಾಲೀಕರಿಗಿಲ್ಲ. ಮುಂದಿನ ಸರ್ವಿಸ್‌ಗೆ ಕಾರು ಬಿಡುವಾಗ ಜಾಬ್ ಕಾರ್ಡ್‌ನಲ್ಲಿ ಬುಷ್ ಪರೀಕ್ಷೆ ಎಂದು ಬರೆಸಿ. ಕಾರು ಲಿಫ್ಟ್ ಮೇಲಿರುವಾಗ ಪಕ್ಕದಲ್ಲಿ ನಿಂತು ನೋಡಿ. ಏನಾದರೂ ಬದಲಿಸಿದರೆ ತೆಗೆದ ಹಳೆಯ ಭಾಗವನ್ನು ಕೇಳಿ ಪಡೆಯಿರಿ.