ಕನ್ನಡವನ್ನು ಶೂಟಿಂಗಿಗೂ ಕರೆಯಿರಿ

ಮೂವತ್ತು ಸೆಕೆಂಡಿನ ಟಿವಿ ಜಾಹೀರಾತೆಂದರೆ, ಸೆಕೆಂಡಿಗೆ 25 ಫ್ರೇಮಿನ ಲೆಕ್ಕದಲ್ಲಿ, 750 ಚಿತ್ರಗಳು. ಕೊನೆಯ ನಾಲ್ಕೈದು ಸೆಕೆಂಡು ಪೊಟ್ಟಣ ತೋರಿಸುವುದಕ್ಕೇ ಹೋಗುತ್ತದೆ. ಉಳಿದದ್ದರಲ್ಲಿ ಮನೆ, ಮುನಿಸು, ರಾಜಿ, ನಗು ಎಲ್ಲವೂ ಮುಗಿಯಬೇಕು. ಮುಂಬಯಿಯ ಪವಾಯಿಯಲ್ಲಿ ಒಂದು ಮಸಾಲೆಪುಡಿಯ ಜಾಹೀರಾತಿಗೆ ಕನ್ನಡ ಬರೆದುಕೊಟ್ಟೆ. ಟಿವಿಗೆ ಅದು ನನ್ನ ಮೊದಲ ಕೆಲಸ. ಕಲಿತದ್ದು ಬೇಕಾದಷ್ಟಿದೆ, ಆದರೆ ಜಗಳ ಮಾಡಿಯಾದರೂ ಹೇಳಬೇಕಾದದ್ದು ಒಂದೇ: ಕನ್ನಡ ಬರೆಯುವವರನ್ನು ಡಬ್ಬಿಂಗ್ ಕೋಣೆಗಲ್ಲ, ಶೂಟಿಂಗಿಗೆ ಕರೆಯಬೇಕು.

ಪವಾಯಿ ಜಾಹೀರಾತಿನವರಿಗೆ ಏಕೆ ಇಷ್ಟ ಎಂಬುದು ಅಲ್ಲಿ ಹೋದರೆ ತಿಳಿಯುತ್ತದೆ. ಹಿರಾನಂದಾನಿ ಗಾರ್ಡನ್ಸ್‌ನ ದೊಡ್ಡ ದೊಡ್ಡ ಕಂಬಗಳ ಕಟ್ಟಡಗಳು ಯಾವ ಊರಿನವೂ ಅಲ್ಲ. ಹಾಗಾಗಿ ಎಲ್ಲ ಊರಿನವೂ ಆಗಬಹುದು. ಒಂದೇ ಚಿತ್ರ, ಹಲವು ಭಾಷೆ ಎಂಬ ವ್ಯಾಪಾರಕ್ಕೆ ಹೇಳಿ ಮಾಡಿಸಿದ ಜಾಗ.

ತೊಂದರೆ ಇರುವುದು ಬಾಯಲ್ಲಿ. ನಮ್ಮ ಚಿತ್ರಕಥೆಯಲ್ಲಿ ಪಕ್ಕದ ಮನೆಯವಳು ಬಾಗಿಲಲ್ಲಿ ನಿಂತು ‘ಭಾಭೀ’ ಎಂದು ಕರೆಯುತ್ತಾಳೆ. ಕನ್ನಡದಲ್ಲಿ ನೆರೆಮನೆಯವಳನ್ನು ‘ಅತ್ತಿಗೆ’ ಎಂದು ಯಾರು ಕರೆಯುತ್ತಾರೆ? ‘ಅಕ್ಕಾ’ ಎನ್ನುತ್ತೇವೆ. ‘ಭಾಭೀ’ ಎನ್ನುವಾಗ ತುಟಿ ಎರಡು ಸಲ ಕೂಡುತ್ತದೆ, ‘ಅಕ್ಕಾ’ದಲ್ಲಿ ಒಂದು ಸಲವೂ ಕೂಡುವುದಿಲ್ಲ. ಕ್ಲೋಸಪ್ಪಿನಲ್ಲಿ ಇದು ಕುರುಡನಿಗೂ ಕಾಣುತ್ತದೆ. ಆಕೆ ಒಳಗೆ ಬರುತ್ತಾ ಬೆನ್ನು ತಿರುಗಿಸಿ ಕರೆಯುವ ಇನ್ನೊಂದು ಟೇಕ್ ತೆಗೆಯಿರಿ ಎಂದೆ. ನಿರ್ದೇಶಕರು ಮರುಮಾತಿಲ್ಲದೆ ಒಪ್ಪಿದರು, ಏಕೆಂದರೆ ಲೈಟುಗಳು ಇನ್ನೂ ಅಲ್ಲೇ ಇದ್ದವು. ಅದೇ ಮಾತನ್ನು ವಾರ ಬಿಟ್ಟು ಹೇಳಿದ್ದರೆ ಇಡೀ ಸೆಟ್ ಮತ್ತೆ ಹಾಕಬೇಕಿತ್ತು. ಅಂದರೆ ಯಾರೂ ಹಾಕುತ್ತಿರಲಿಲ್ಲ.

ತಟ್ಟೆಯಲ್ಲಿದ್ದ ಫುಲ್ಕಾ ಮಾತ್ರ ಬದಲಾಗಲಿಲ್ಲ. ಆಗ ಸಾರಿನ ಮಾತು ಬಿಟ್ಟು ‘ಊಟ’ ಎಂದು ಬರೆದೆ.

ಹೀಗೆ ಮುಂಚೆ ಕರೆಯದಿದ್ದರೆ ಏನಾಗುತ್ತದೆ ಎಂಬುದನ್ನು ದಿನಾ ಕೇಳುತ್ತೇವೆ: ‘ನಿಮ್ಮ ಅಡುಗೆಯನ್ನು ರುಚಿಕರವನ್ನಾಗಿಸಿ.’ ಯಾವ ಅಡುಗೆಮನೆಯಲ್ಲೂ ಯಾರೂ ಆಡದ ಮಾತಿದು. ಅನುವಾದಕರನ್ನು ಬಯ್ಯುವುದು ಸುಲಭ. ಅವರ ಕೈಗೆ ಸಿಗುವುದು ಮುಗಿದ ಚಿತ್ರ, ಅಳತೆ ಮಾಡಿಟ್ಟ ಮೌನಗಳು. ಅವಕ್ಕೆ ಪದ ತುರುಕುವುದಷ್ಟೇ ಕೆಲಸ.

ದೂರದರ್ಶನ ಜಾಹೀರಾತು ತೆಗೆದುಕೊಳ್ಳಲು ಶುರುಮಾಡಿದ್ದು 1976ರಲ್ಲಿ. ಡಬ್ಬಿಂಗ್ ಸಿನಿಮಾ ಬೇಡವೆಂದು ದಶಕಗಳ ಕಾಲ ಹೋರಾಡಿದ ನಾವು, ಭಾರತೀಯ ಸ್ಪರ್ಧಾ ಆಯೋಗ 2015ರಲ್ಲಿ ಆ ತಡೆ ತಪ್ಪೆಂದಾಗ ಮತ್ತೊಮ್ಮೆ ವಾದಿಸಿದೆವು. ಆದರೆ ಸಿನಿಮಾದ ನಡುವೆ, ಧಾರಾವಾಹಿಯ ನಡುವೆ ಬರುವ ಡಬ್ಬಿಂಗ್ ಜಾಹೀರಾತಿನ ಬಗ್ಗೆ ಅಷ್ಟು ಗಲಾಟೆ ಮಾಡಲಿಲ್ಲ. ಮಕ್ಕಳು ದಿನಕ್ಕೆ ಹತ್ತು ಸಲ ಕೇಳುವ ಕನ್ನಡ ಅದು ಎಂಬುದು ನನಗೆ ದೊಡ್ಡ ಸಂಗತಿ.

ಪ್ರತಿ ಭಾಷೆಗೂ ಬೇರೆ ಚಿತ್ರ ಮಾಡಲು ಹಣವೆಲ್ಲಿ ಎನ್ನುತ್ತಾರೆ. ನಾನು ಕೇಳುತ್ತಿರುವುದು ಬೇರೆ ಚಿತ್ರವನ್ನಲ್ಲ. ಅದೇ ದಿನ, ಅದೇ ಲೈಟಿನಲ್ಲಿ ಎರಡು ಹೆಚ್ಚಿನ ಟೇಕು, ಪಕ್ಕದಲ್ಲೊಂದು ಕುರ್ಚಿ. ರಾಜ್‌ಕುಮಾರ್ ಸಂಭಾವನೆ ಪಡೆಯದೆ ನಂದಿನಿ ಹಾಲಿನ ಜಾಹೀರಾತಿನಲ್ಲಿ ಬಂದಾಗ, ಮುಂದೆ ಪುನೀತ್ ಬಂದಾಗ, ಜನ ನಂಬಿದ್ದು ಮುಖವನ್ನು ಮಾತ್ರವಲ್ಲ. ಮಾತು ಆ ಬಾಯಿಯದೇ ಆಗಿತ್ತು.

ಸ್ವಂತ ಸರಕಿಗೆ ಮೊದಲ ಸಲ ಟಿವಿ ಜಾಹೀರಾತು ಮಾಡಿಸಲು ಮುಂಬಯಿಗೆ ಹೊರಟವರು, ಸಹಿ ಹಾಕುವ ಮುಂಚೆ ಕೊಟೇಶನ್ ಒಮ್ಮೆ ಓದಿ. ಕನ್ನಡ ಬರಹದ ಖರ್ಚು ಕೊನೆಯ ಪುಟದಲ್ಲಿ, ಡಬ್ಬಿಂಗ್ ಖರ್ಚಿನ ಪಕ್ಕ ಇದ್ದರೆ, ಅದನ್ನು ಮೊದಲ ಪುಟಕ್ಕೆ ತರಿಸಿ.